ಮೂರನೇ ನಂಬರಿನ ಮೌಸ್

ನಂದಾಳನ್ನು ಫೇಲು ಮಾಡಿದ್ದು ಕಂಪ್ಯೂಟರ್ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಅದು ಸುಳ್ಳು. ಫೇಲು ಮಾಡಿದ್ದು ನಾನು.

ನನ್ನ ಹೆಸರು ದಿಗಂಬರ. ಸೊಲ್ಲಾಪುರದಲ್ಲಿ ನಮ್ಮದು ಮೂರು ತಲೆಮಾರಿನಿಂದ ಕಾರಕೂನರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಜ್ಜ, ಅಪ್ಪ ಇಬ್ಬರೂ ಪೆನ್ನು ಹಿಡಿದು ಉಂಡವರು. ನಾನು ಕಂಪ್ಯೂಟರ್ ಕಲಿಸುವ ಮಾಸ್ತರನಾದೆ. ನಮ್ಮ ಮನೆಯಲ್ಲಿ ಯಾರ ಕೈಯೂ ಕೆಲಸದಿಂದ ಕಪ್ಪಾದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಕೈಗಳ ಸಂಗತಿ.

೧೯೯೯ನೇ ಇಸವಿ. ಚಾದರ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಕ್ಲಾಸು. ಮಾಲೀಕ ಶಾಂತಲಿಂಗಪ್ಪ. ಎಂಟು ಕಂಪ್ಯೂಟರು, ಹದಿನಾರು ವಿದ್ಯಾರ್ಥಿಗಳು, ಒಂದು ಯಂತ್ರಕ್ಕೆ ಇಬ್ಬರು. ಚಪ್ಪಲಿ ಹೊರಗೆ ಬಿಡಬೇಕು. ಕೀಬೋರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ. ಸಂಜೆ ಮಾನಿಟರುಗಳಿಗೆ ಬಟ್ಟೆಯ ಮುಸುಕು. ಮನೆಯ ದೇವರಿಗೂ ನಾವು ಅಷ್ಟು ಉಪಚಾರ ಮಾಡುತ್ತಿರಲಿಲ್ಲ.

ನಂದಾ ಜೂನ್ ತಿಂಗಳಲ್ಲಿ ಬಂದಳು. ಹಿಂದುಳಿದವರ ಯೋಜನೆಯಲ್ಲಿ ಸೀಟು ಸಿಕ್ಕಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಕೆಳಗೆ ಶಾಂತಲಿಂಗಪ್ಪ ಕೆಂಪು ಗೆರೆ ಎಳೆದಿದ್ದರು. ಚಪಳಗಾಂವದ ಕುರಿ ಕಾಯುವ ಅಮೋಗಸಿದ್ಧನ ಮಗಳು. ಹನ್ನೆರಡನೆಯ ಇಯತ್ತೆ ಪಾಸಾಗಿ, ಸೊಲ್ಲಾಪುರದಲ್ಲಿ ಸೋದರತ್ತೆ ಗುರುಬಾಯಿಯ ಮನೆಯಲ್ಲಿ ಇದ್ದಳು. ಗುರುಬಾಯಿ ಬೀಡಿ ಕಟ್ಟುತ್ತಿದ್ದಳು. ಉಣ್ಣುವ ಅನ್ನಕ್ಕೆ ನಂದಾಳೂ ಕಟ್ಟುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಮೊರ ಮುಂದಿಟ್ಟುಕೊಂಡು ಕೂತರೆ ಹತ್ತರವರೆಗೆ. ಎಲೆ ಕತ್ತರಿಸಬೇಕು, ಪುಡಿ ತುಂಬಬೇಕು, ಸುರುಳಿ ಸುತ್ತಬೇಕು, ಉಗುರಿನಿಂದ ತುದಿ ಮಡಿಚಬೇಕು, ದಾರ ಕಟ್ಟಬೇಕು. ಬೆನ್ನು ಸೆಟೆದು ಹೋಗುತ್ತದೆ. ಬೆರಳ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಹನ್ನೊಂದಕ್ಕೆ ಅವಳು ನಮ್ಮ ಮಹಡಿ ಹತ್ತುತ್ತಿದ್ದಳು.

ಅಕ್ಕಲಕೋಟದಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ನಮ್ಮಲ್ಲೇ ಕಲಿತ ಒಬ್ಬರಿಗೆ ಅಲ್ಲಿ ಕಲಿಸುವ ನೌಕರಿ. ಅಕ್ಟೋಬರಿನಲ್ಲಿ ಪರೀಕ್ಷೆ, ಮೊದಲು ಬಂದವರಿಗೆ ನೌಕರಿ. ನಂದಾ ನನಗೆ ಮೊದಲ ವಾರವೇ ಹೇಳಿದ್ದಳು.

"ಸರ್, ಅಕ್ಕಲಕೋಟ ಅಂದ್ರ ನಮ್ಮೂರಿಗೆ ಸಮೀಪ್ರಿ. ಆ ನೌಕರಿ ಸಿಕ್ಕರ ಬೀಡಿ ಬಿಡತೀನಿ. ಇಲ್ಲಂದ್ರ ನಮ್ಮಪ್ಪ ಮಂಗಳವೇಢೆದಾಗ ಗಂಡು ನೋಡಿಟ್ಟಾನ್ರಿ. ದೀಪಾವಳಿ ತನಕ ವಾಯಿದೆ ಕೊಟ್ಟಾನ."

ಅಂದರೆ ಅವಳಿಗೆ ಏನು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಎರಡನೆಯ ವಾರ ಮೂರನೇ ನಂಬರಿನ ಮೌಸ್ ನಿಂತಿತು. ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇರುತ್ತಿತ್ತು. ಗುಂಡು ಉರುಳಿದರೆ ಒಳಗಿನ ಸಣ್ಣ ಉರುಳೆಗಳು ತಿರುಗಬೇಕು, ಆಗ ಪರದೆಯ ಮೇಲೆ ಬಾಣ ಓಡಬೇಕು. ಉರುಳೆಗೆ ಕೊಳೆ ಸುತ್ತಿಕೊಂಡರೆ ಬಾಣ ಕುಂಟುತ್ತದೆ. ಪ್ರತಿ ಶನಿವಾರ ಎಂಟೂ ಮೌಸ್ ಬಿಚ್ಚಿ, ಗುಂಡು ತೆಗೆದು, ಉಗುರಿನಿಂದ ಕೊಳೆ ಕೆರೆಯುವುದು ನನ್ನ ಕೆಲಸ. ಅವತ್ತು ಎಲ್ಲರ ಎದುರಿಗೇ ಬಿಚ್ಚಿದೆ. ಉರುಳೆಗೆ ಕಪ್ಪು ನಾರಿನಂತೆ ಕೊಳೆ ಸುತ್ತಿತ್ತು. ಮೂಗಿಗೆ ಹಿಡಿದೆ. ತಂಬಾಕು.

ಮೂರನೇ ಯಂತ್ರದಲ್ಲಿ ಕೂರುತ್ತಿದ್ದವರು ನಂದಾ ಮತ್ತು ಮಂಜರಿ. ಮಂಜರಿ ವಕೀಲರ ಮಗಳು.

"ನಂದಾ, ಕೈ ತೋರಸು," ಅಂದೆ.

ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಹಳದಿಗಪ್ಪು. ಉಗುರಿನ ಸಂದಿಯಲ್ಲಿ ಪುಡಿ. ಹದಿನೈದು ಜನ ಕತ್ತು ಚಾಚಿ ನೋಡಿದರು. ಹಿಂದಿನಿಂದ ಯಾರೋ ಕೆಮ್ಮಿದ ಹಾಗೆ ಮಾಡಿ ನಕ್ಕರು.

"ಈ ಬೀಡಿ ಕೈಲೆ ಮೌಸ್ ಮುಟ್ಟಬ್ಯಾಡ. ಕೆಡತದ. ಕೀಬೋರ್ಡ್ ಒತ್ತು, ಅದಕ್ಕ ಪ್ಲಾಸ್ಟಿಕ್ ಅದ. ಮೌಸ್ ಮಂಜರಿ ಹಿಡೀತಾಳ."

"ತೊಳಕೊಂಡೇ ಬಂದೀನ್ರಿ ಸರ್."

"ತೊಳದರ ಹೋಗೂ ಬಣ್ಣ ಅಲ್ಲ ಅದು."

ನಾನು ಹಾಗೆ ಅಂದೆ. ನನ್ನ ಬಾಯಿಯಿಂದಲೇ ಅಂದೆ. ಮಧ್ಯಾಹ್ನ ಊಟವಾದ ಮೇಲೆ ಡಬ್ಬಿ ತೆಗೆದು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ತುಟಿಯ ಒಳಗಿಟ್ಟುಕೊಳ್ಳುತ್ತಿದ್ದ ಬಾಯಿ ಅದು. ಫ್ಯಾನು ಇದ್ದದ್ದು ಮೂರನೇ ಯಂತ್ರದ ಮೇಲೆ. ಮಧ್ಯಾಹ್ನ ನಾನು ಕೂರುತ್ತಿದ್ದದ್ದೂ ಅಲ್ಲೇ. ಆದರೆ ಮಾಸ್ತರನ ಕೈ ಯಾರು ನೋಡುತ್ತಾರೆ?

ಅಂದಿನಿಂದ ಅದೇ ರೂಢಿಯಾಯಿತು. ದಿನಾ ಬಾಗಿಲಲ್ಲಿ ನಂದಾ ನಿಲ್ಲಬೇಕು, ಕೈ ಚಾಚಬೇಕು, ನಾನು ನೋಡಿ "ಹ್ಞೂಂ" ಅನ್ನಬೇಕು, ಆಮೇಲೆ ಒಳಗೆ. ಉಳಿದ ಹದಿನೈದು ಜನರಲ್ಲಿ ಒಬ್ಬರ ಕೈಯನ್ನೂ ನಾನು ನೋಡಿದ್ದಿಲ್ಲ. ಗುಟಕಾ ತಿಂದು ಬರುವ ಹುಡುಗರಿದ್ದರು. ಭಜಿ ತಿಂದು ಎಣ್ಣೆಯ ಕೈ ಪ್ಯಾಂಟಿಗೆ ಒರೆಸಿಕೊಂಡು ಕೂರುವವರಿದ್ದರು. ಅವರದು ಕೈ. ಅವಳದು ಬೀಡಿ ಕೈ. ಅವಳು ಲಿಂಬೆಹಣ್ಣಿನ ಸಿಪ್ಪೆಯಿಂದ ತಿಕ್ಕಿ ಬರುತ್ತಿದ್ದಳು. ಬೂದಿಯಿಂದ ತಿಕ್ಕಿ ಬರುತ್ತಿದ್ದಳು. ಒಂದು ದಿನ ಬೆರಳ ತುದಿಯಲ್ಲಿ ರಕ್ತ ಒಸರಿತ್ತು. ಆಗಲೂ ನಾನು "ಹ್ಞೂಂ" ಅಂದೆ, ಮೌಸ್ ಕೊಡಲಿಲ್ಲ.

ಆದರೂ ಅವಳು ಕಲಿತಳು. ಎಲ್ಲರಿಗಿಂತ ಮುಂದೆ ಹೋದಳು. ಮೌಸ್ ಇಲ್ಲದೆ ಕೀಲಿಗಳಲ್ಲೇ ಕಂಪ್ಯೂಟರನ್ನು ಕುಣಿಸುತ್ತಿದ್ದಳು. ಯಾವ ಕೀಲಿ ಜೋಡಿ ಒತ್ತಿದರೆ ಏನು ತೆರೆಯುತ್ತದೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಂಜರಿ ಮೌಸ್ ಹಿಡಿದು ಪಿಳಿಪಿಳಿ ನೋಡುತ್ತಿದ್ದಳು. "ಮಂಜರಿ, ಅಲ್ಲಿ ಅಲ್ಲವ್ವ, ಮ್ಯಾಲಿಂದು. ಹಾಂ, ಅದನ್ನ ಒತ್ತು." ಬುದ್ಧಿ ನಂದಾಳದು, ಬೆರಳು ಮಂಜರಿಯದು. ನಾಲ್ಕು ತಿಂಗಳು ಹಾಗೇ ನಡೆಯಿತು.

ನಾಗಪಂಚಮಿಗೆ ನಂದಾ ಊರಿಗೆ ಹೋದಳು. ಎಂಟು ದಿನ ಬರಲಿಲ್ಲ. ಆ ಎಂಟು ದಿನದಲ್ಲೇ ಮೂರನೇ ನಂಬರಿನ ಮೌಸ್ ಮತ್ತೆ ನಿಂತಿತು.

ಶನಿವಾರ ಒಬ್ಬನೇ ಕೂತು ಬಿಚ್ಚಿದೆ. ಅದೇ ಕಪ್ಪು ನಾರು. ಬೆಳಕಿಗೆ ಹಿಡಿದೆ. ಕಪ್ಪಿನ ನಡುವೆ ಬಿಳಿ ಚುಕ್ಕಿಗಳು. ಸುಣ್ಣ. ಬೀಡಿ ಕಟ್ಟುವವರು ಸುಣ್ಣ ಮುಟ್ಟುವುದಿಲ್ಲ. ಸುಣ್ಣ ಇದ್ದದ್ದು ನನ್ನ ಅಂಗೈಯಲ್ಲಿ.

ಆಮೇಲೆ ನಾನು ಮಾಡಿದ್ದೇನು? ಉಫ್ ಎಂದು ಊದಿದೆ. ಗುಂಡು ಒಳಗೆ ಹಾಕಿ ಮುಚ್ಚಳ ತಿರುಗಿಸಿದೆ. ಸೋಮವಾರ ನಂದಾ ಬಂದು ಬಾಗಿಲಲ್ಲಿ ಕೈ ಚಾಚಿದಾಗ ಎಂದಿನಂತೆ ಬಗ್ಗಿ ನೋಡಿದೆ.

"ಹ್ಞೂಂ. ಒಳಗ ಹೋಗು."

ನನ್ನ ತಪ್ಪು ಎಂದು ಆವತ್ತು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅದೊಂದು ಮಾತು ನನಗೆ ಭಾರವಾಯಿತು. ಅವಳ ಕೈ ನೋಡುವುದು ಹಗುರವಾಗಿತ್ತು.

ಪರೀಕ್ಷೆ ಎಂದರೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಅಕ್ಷರ ಒತ್ತಬೇಕು, ಎಂದು ನಾನು ಹೇಳಿಕೊಟ್ಟಿದ್ದೆ. ಅದಕ್ಕೆ ಕೀಬೋರ್ಡ್ ಸಾಕು. ಪರೀಕ್ಷೆಗೆ ಮೂರು ದಿನ ಇರುವಾಗ ಶಾಂತಲಿಂಗಪ್ಪ ಪುಣೆಯಿಂದ ಫ್ಲಾಪಿಗಳ ಡಬ್ಬಿ ಹಿಡಿದು ಬಂದರು. ಮುಖ ಅರಳಿತ್ತು.

"ದಿಗಂಬರ, ಈಗ ಆ ಎ ಬಿ ಸಿ ಡಿ ಹಳೇದಾತು. ಪುಣೇದಾಗ ಹೊಸಾ ನಮೂನಿ ಬಂದದ. ಚಿತ್ರಾ ಎಳದು ಜೋಡಸೂದು. ಆಟ ಆಡಿಧಂಗ. ಎಲ್ಲಾ ಯಂತ್ರಕ್ಕ ವೈರ್ ಹಾಕಿ ಒಂದಕ್ಕ ಜೋಡಸೂದು, ಉತ್ತರ ಕೊಟ್ಟ ಕೂಡಲೇ ಅಂಕ ಬೀಳತಾವ. ಆನ್‌ಲೈನ್ ಪರೀಕ್ಷಾ! ಸೊಲ್ಲಾಪುರದಾಗ ನಮ್ಮದ ಮೊದಲು."

ತೋರಿಸಿದರು. ಪರದೆಯ ಎಡಕ್ಕೆ ಚಿತ್ರಗಳು, ಬಲಕ್ಕೆ ಖಾಲಿ ಚೌಕಗಳು. ಮೌಸಿನಿಂದ ಚಿತ್ರ ಹಿಡಿದು, ಒತ್ತಿದ ಬೆರಳು ಬಿಡದೆ ಎಳೆದು, ಸರಿಯಾದ ಚೌಕದಲ್ಲಿ ಬಿಡಬೇಕು. ನಡುವೆ ಬೆರಳು ಸಡಿಲಾದರೆ ಚಿತ್ರ 'ಟುಂಯ್' ಎಂದು ಹಾರಿ ವಾಪಸು ಹೋಗುತ್ತದೆ. ಒಂದು ಪ್ರಶ್ನೆಗೆ ಒಂದು ನಿಮಿಷ. ಕೀಬೋರ್ಡ್ ನಡೆಯುವುದಿಲ್ಲ.

"ನಮ್ಮ ಹುಡುಗರಿಗೆ ಎಲ್ಲಾರಿಗೂ ಬರತದಲಾ?" ಎಂದು ಕೇಳಿದರು.

"ಬರತದ್ರಿ, ಸರ್."

ಇನ್ನೂ ಮೂರು ದಿನ ಇತ್ತು. ಬಾ ನಂದಾ, ಮೌಸ್ ಹಿಡಿ ಅನ್ನಬಹುದಿತ್ತು. ಬೀಡಿ ಸುತ್ತುವ ಬೆರಳಿಗೆ ಅದು ಒಂದು ದಿನದ ಕಲಿಕೆ. ಆದರೆ ಈಗ ಕೊಟ್ಟರೆ, ನಾಲ್ಕು ತಿಂಗಳು ಯಾಕೆ ಕೊಡಲಿಲ್ಲ ಎಂದು ಯಾರಾದರೂ ಕೇಳಿದರೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪರೀಕ್ಷೆಯ ನಮೂನೆ ಬದಲಾಗಿದೆ ಎಂದಷ್ಟೇ ಎಲ್ಲರಿಗೂ ಹೇಳಿದೆ. ಮಂಜರಿ ಮತ್ತು ಉಳಿದವರು ಎಳೆದು ಜೋಡಿಸಿ ರೂಢಿ ಮಾಡಿಕೊಂಡರು. ನಂದಾ ಹಿಂದೆ ನಿಂತು ನೋಡಿದಳು. ನೋಡುತ್ತಲೇ "ಅದು ಎರಡನೇ ಚೌಕಿಗೆ, ಮಂಜರಿ" ಅಂದಳು.

ಶನಿವಾರ ಮೌಸ್ ಬಿಚ್ಚಿ ತೊಳೆಯುವ ದಿನ. ಅವತ್ತು ಯಂತ್ರಗಳಿಗೆ ವೈರ್ ಜೋಡಿಸುವುದರಲ್ಲೇ ಹೊತ್ತು ಹೋಯಿತು. ಮೂರನೇ ಯಂತ್ರದ ಮುಂದೆ ಕೂತು, ಫ್ಯಾನಿನ ಕೆಳಗೆ, ಎರಡು ಸಲ ತಂಬಾಕು ತಿಕ್ಕಿದೆ. ಮೌಸ್ ತೊಳೆಯಲಿಲ್ಲ.

ಭಾನುವಾರ ಪರೀಕ್ಷೆ. ಎರಡು ಪಾಳಿ, ಒಬ್ಬೊಬ್ಬರಿಗೆ ಒಂದೊಂದು ಯಂತ್ರ. ಪುಣೆಯಿಂದ ಒಬ್ಬ ಪರೀಕ್ಷಕ ಬಂದಿದ್ದ, ಕೊರಳಿಗೆ ಟೈ ಕಟ್ಟಿಕೊಂಡಿದ್ದ. ಮೊದಲ ಪಾಳಿಯಲ್ಲಿ ನಂದಾಳಿಗೆ ಮೂರನೇ ಯಂತ್ರ, ಪಕ್ಕದ ನಾಲ್ಕರಲ್ಲಿ ಮಂಜರಿ. ನಂದಾ ಹೊಸ ಲಂಗ-ದಾವಣಿ ಉಟ್ಟು ಬಂದಿದ್ದಳು. ನಾಲ್ಕು ದಿನದಿಂದ ಬೀಡಿ ಮುಟ್ಟಿರಲಿಲ್ಲ. ಬಾಗಿಲಲ್ಲಿ ತಾನಾಗಿಯೇ ಕೈ ಚಾಚಿದಳು. ಪರೀಕ್ಷಕನ ಎದುರಿಗೆ ನಾಚಿಕೆಯಾಗಿ ನಾನು ಬೇರೆ ಕಡೆ ನೋಡಿದೆ.

ಮೊದಲ ಪ್ರಶ್ನೆ ಬಂತು. ಅವಳು ರೂಢಿಯಂತೆ ಕೀಲಿ ಒತ್ತಿದಳು. ಪರದೆ ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು.

ಆಮೇಲೆ ಮೌಸ್ ಹಿಡಿದಳು. ಮೊದಲನೆಯ ಸಲ. ಬೀಡಿ ಹಿಡಿದ ಹಾಗೆ ಮೂರು ಬೆರಳಲ್ಲಿ, ಮೆಲ್ಲಗೆ, ಎಲ್ಲಿ ಮುರಿಯುತ್ತದೋ ಎಂಬಂತೆ. ಬಾಣ ಒಂದಿಷ್ಟು ಸರಿದು ನಿಂತಿತು. ಮೌಸನ್ನು ಗಾಳಿಯಲ್ಲಿ ಎತ್ತಿದಳು. ಮೇಜಿನ ಅಂಚಿಗೆ ಹೋಯಿತು, ಕೆಳಗೆ ಬಿತ್ತು, ವೈರಿನಲ್ಲಿ ಜೋತಾಡಿತು. ಎತ್ತಿಕೊಂಡಳು. ಚಿತ್ರ ಹಿಡಿದಳು, ಎಳೆದಳು, ಬಾಣ ನಡುವೆ ಕುಂಟಿತು.

ಟುಂಯ್.

ಮತ್ತೆ ಎಳೆದಳು. ಟುಂಯ್. ಮತ್ತೆ. ಟುಂಯ್. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ಅವಳ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಒಂದು ನಿಮಿಷ ಮುಗಿದು ಪ್ರಶ್ನೆ ತಾನೇ ಹೊರಟುಹೋಯಿತು. ಸೊನ್ನೆ.

"ಸರ್, ಇದು ನಡೀವಲ್ದು," ಎಂದು ನನ್ನ ಕಡೆ ತಿರುಗಿದಳು.

ಯಾಕೆ ನಡೆಯುತ್ತಿಲ್ಲ ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆ ಶಾಂತಲಿಂಗಪ್ಪ ಅಂದರು, "ಕುಣೀಲಾರದಾಕಿ ನೆಲ ಡೊಂಕ ಅಂದಳಂತ. ಸುಮ್ಮ ಬರಿ."

ನೆಲ ಡೊಂಕೇ ಇತ್ತು. ಡೊಂಕು ಮಾಡಿದವನು ನಾನು, ಗೋಡೆಗೆ ಒರಗಿ ನಿಂತಿದ್ದೆ. ತೆರೆದ ಬಾಯಿ ಮುಚ್ಚಿಕೊಂಡೆ.

ನಾಲ್ಕನೇ ಯಂತ್ರದಲ್ಲಿ ಮಂಜರಿಯ ಕೈ ಸರಾಗ ಓಡುತ್ತಿತ್ತು, ಆದರೆ ಯಾವ ಚಿತ್ರ ಎಲ್ಲಿಗೆ ಎಂಬುದು ತಿಳಿಯದು. ಅವಳು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು, "ನಂದಾ, ಯಾವುದ?" ನಂದಾ ತನ್ನ ಪರದೆಯಿಂದ ಕಣ್ಣು ತೆಗೆಯದೆ ಅಂದಳು, "ಕೆಳಗಿಂದು, ಒಂದನೇ ಚೌಕಿಗೆ." ನಾಲ್ಕು ತಿಂಗಳ ರೂಢಿ. ಅದನ್ನೂ ನಾನು ಕೇಳಿದೆ, ಸುಮ್ಮನಿದ್ದೆ.

ಇಪ್ಪತ್ತು ಪ್ರಶ್ನೆ, ಇಪ್ಪತ್ತು ನಿಮಿಷ. "ಚಲಾ, ವೇಳ ಸಂಪಲಿ," ಹೊತ್ತು ಮುಗಿಯಿತು ಎಂದು ಪರೀಕ್ಷಕ ಮರಾಠಿಯಲ್ಲಿ ಹೇಳಿ ಚಪ್ಪಾಳೆ ತಟ್ಟಿದ. ಅಂಕಗಳು ಅಲ್ಲೇ ಬಿದ್ದವು. ಮಂಜರಿಗೆ ಹದಿನಾಲ್ಕು. ನಂದಾಳಿಗೆ ಎರಡು.

ಎಲ್ಲರೂ ಎದ್ದರು. ನಂದಾ ಏಳಲಿಲ್ಲ.

ಪರೀಕ್ಷಕ ಕಾಗದ ಹಂಚಿದ. ನನಗೆ ಪೂರ್ತಿ ತರಬೇತಿ ಸಿಕ್ಕಿದೆ, ಪರೀಕ್ಷೆ ಸರಿಯಾಗಿ ನಡೆದಿದೆ, ಈ ಅಂಕ ಒಪ್ಪಿದ್ದೇನೆ, ಎಂದು ಬರೆದಿತ್ತು. ಕೆಳಗೆ ಸಹಿ. ನಂದಾಳ ಕಾಗದದಲ್ಲಿ ಅಂಕದ ಪಕ್ಕ ಒಂದು ಷರಾ ಕೂಡ ಇತ್ತು: ಕೈಚಳಕ ಇಲ್ಲ.

ಐದು ತಾಸಿನಲ್ಲಿ ಐದು ನೂರು ಬೀಡಿ ಸುತ್ತುವ ಕೈಗೆ ಕೈಚಳಕ ಇಲ್ಲ!

"ಸಹಿ ಮಾಡೂದಿಲ್ರಿ," ಅಂದಳು ನಂದಾ.

"ಮಾಡಬೇಕವಾ. ನಿಯಮ ಅದ," ಅಂದರು ಶಾಂತಲಿಂಗಪ್ಪ.

"ಅವ ಪ್ರಶ್ನಿ ಮತ್ತ ತೋರಸ್ರಿ. ಬಾಯಿಲೆ ಹೇಳತೀನಿ."

ಪರೀಕ್ಷಕನಿಗೆ ಕುತೂಹಲವೋ ತಮಾಷೆಯೋ, ಒಂದೊಂದಾಗಿ ತೋರಿಸಿದ. ನಂದಾ ಬೆರಳನ್ನು ಪರದೆಯ ಗಾಜಿನ ಮೇಲೆ ಇಟ್ಟಳು. ಇದು ಇಲ್ಲಿಗೆ. ಇದು ಅಲ್ಲಿಗೆ. ಇದು ಮೊದಲು, ಇದು ಆಮೇಲೆ. ಹೇಳುತ್ತ ಹೋದಳು. ಇಪ್ಪತ್ತಕ್ಕೆ ಇಪ್ಪತ್ತು. ಗಾಜಿನ ತುಂಬ ಅವಳ ಬೆರಳಿನ ಗುರುತುಗಳು ಮೂಡಿದವು. ಕೋಣೆಯಲ್ಲಿ ನಗು ನಿಂತಿತ್ತು.

"ಉತ್ತರ ಬರೋಬರ್ ಅವ," ಎಂದ ಪರೀಕ್ಷಕ ಅರೆ ಮರಾಠಿಯಲ್ಲಿ. "ಆದರ ಕಂಪ್ಯೂಟರ್ ಬೆರಳಿನ ಉತ್ತರ ಹಿಡಿಯೂದಿಲ್ಲ. ಈಕೆಗೆ ಮೌಸಿನ ರೂಢಿ ಮಾಡಿಸಿರಲಿಲ್ಲ ಏನು?"

ಶಾಂತಲಿಂಗಪ್ಪ ನನ್ನ ಕಡೆ ತಿರುಗಿದರು. "ದಿಗಂಬರ, ಮಾಡಿಸಿದಿಲ್ಲೋ?"

ಕೋಣೆಯ ಕಣ್ಣುಗಳೆಲ್ಲ ನನ್ನ ಮೇಲೆ. ಅಕ್ಕಲಕೋಟದ ಶಾಖೆಗೆ ನನ್ನನ್ನೇ ಮುಖ್ಯಸ್ಥನನ್ನಾಗಿ ಕಳಿಸುತ್ತೇನೆ ಎಂದು ಶಾಂತಲಿಂಗಪ್ಪ ಹಿಂದಿನ ದಿನವಷ್ಟೇ ಹೇಳಿದ್ದರು.

"ಮಾಡಿಸೀನ್ರಿ ಸರ್. ಎಲ್ಲಾರಂಗ ಮಾಡಿಸೀನಿ. ಆಕಿ ಕೈ ಕೂಡಲಿಲ್ಲ."

ನಂದಾ ನನ್ನನ್ನು ನೋಡಿದಳು. ಅಳಲಿಲ್ಲ. ಮಂಜರಿಯ ಕಡೆ ನೋಡಿದಳು. ಮಂಜರಿ ತಲೆ ಬಗ್ಗಿಸಿ ಕಾಗದದ ಮೇಲೆ ಸಹಿ ಮಾಡುತ್ತಿದ್ದಳು.

ನಂದಾ ಮೌಸನ್ನು ಎತ್ತಿಕೊಂಡು ಮಗ್ಗುಲು ಮಾಡಿದಳು. ನಾನು ಬಿಚ್ಚುವುದನ್ನು ಅವಳೂ ನೋಡಿದ್ದಳಲ್ಲ. ಮುಚ್ಚಳ ತಿರುಗಿಸಿದಳು. ಗುಂಡು ಅಂಗೈಗೆ ಬಿತ್ತು. ಕಿರುಬೆರಳಿನ ಉಗುರಿನಿಂದ ಉರುಳೆಯ ಕೊಳೆಯನ್ನು ಒಂದೇ ಎಳೆತಕ್ಕೆ ಬಿಡಿಸಿದಳು. ನನಗೆ ಎಂದೂ ಅಷ್ಟು ನಾಜೂಕಾಗಿ ಬಂದಿರಲಿಲ್ಲ. ಮೂಗಿಗೆ ಹಿಡಿದಳು. ನಾಲಿಗೆಯ ತುದಿಗೂ ಮುಟ್ಟಿಸಿಕೊಂಡಳು.

"ಇದು ಬೀಡಿ ತಂಬಾಕ ಅಲ್ರಿ," ಅಂದಳು. "ದಿನಾ ಐದು ತಾಸು ಕಟ್ಟತೀನಿ, ಆ ವಾಸನಿ ಗೊತ್ತದ ನನಗ. ಇದು ತಿನ್ನೂ ತಂಬಾಕ. ಇದರಾಗ ಸುಣ್ಣ ಐತಿ."

ನನ್ನ ಕಡೆ ತಿರುಗಿದಳು.

"ಸರ್, ನಾಕ ತಿಂಗಳು ದಿನಾ ನನ್ನ ಕೈ ನೋಡೀರಿ. ಇವತ್ತ ನೀವು ತೋರಸ್ರಿ."

ನನ್ನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. ಬಲಗೈ ಡಬ್ಬಿಯನ್ನು ಹಿಡಿದಿತ್ತು. ನಾನು ತೆಗೆಯಲಿಲ್ಲ.

"ಮಾಸ್ತರಿಗೆ ಹಂಗ ಮಾತಾಡತಾರೇನ?" ಎಂದು ಶಾಂತಲಿಂಗಪ್ಪ ಗದರಿದರು. ಪರೀಕ್ಷಕ ಗಡಿಯಾರ ನೋಡಿಕೊಂಡ. ನಂದಾ ರಬ್ಬರಿನ ಗುಂಡನ್ನು ಸಹಿ ಮಾಡದ ಕಾಗದದ ಮೇಲೆ ಇಟ್ಟಳು. ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು. ಮೆಟ್ಟಿಲು ಇಳಿಯುವ ಸಪ್ಪಳ ಕೆಳಗಿನವರೆಗೂ ಕೇಳಿಸಿತು.

ಎರಡೂ ಪಾಳಿ ಮುಗಿದಾಗ ಮಂಜರಿಯೇ ಮೊದಲು ಬಂದಿದ್ದಳು, ನೌಕರಿ ಅವಳಿಗೆ ಆಯಿತು.

ನನಗೆ ಅನ್ನ ಸೇರಲಿಲ್ಲ. ಎಂಟು ದಿನ ತಡೆದೆ, ಒಂಬತ್ತನೆಯ ದಿನ ಗುರುಬಾಯಿಯ ಮನೆ ಹುಡುಕಿಕೊಂಡು ಹೋದೆ. ತಗಡಿನ ಸೂರು, ಒಂದೇ ಕೋಣೆ. ಗುರುಬಾಯಿ ಮತ್ತು ನಂದಾ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದರು. ನಂದಾಳ ಬೆರಳುಗಳು ನನ್ನನ್ನು ನೋಡಿಯೂ ನಿಲ್ಲಲಿಲ್ಲ.

"ಬರ್ರಿ," ಅಂದಳು ಗುರುಬಾಯಿ. ಕೂರಿ ಅನ್ನಲಿಲ್ಲ.

"ನಂದಾ, ಮೂರು ತಿಂಗಳಿಗೆ ಮತ್ತ ಒಂದು ಪರೀಕ್ಷಾ ಅದ. ನಾನ ಕಲಸತೀನಿ. ಮೌಸ್ ಕೊಡತೀನಿ."

"ಮೌಸ್ ನಿಮ್ಮಪ್ಪನ ಮನಿದೇನ್ರಿ, ಕೊಡಾಕ?" ಅಂದಳು ಗುರುಬಾಯಿ. "ಆಕಿ ಅಪ್ಪ ಬಂದಿದ್ದ. ಲಗ್ನಾ ಮಾಡಕೋ ನಡಿ ಅಂದ. ಒಲ್ಲೆ ಅಂದಾಳ. ಅಪ್ಪಗೂ ಒಲ್ಲೆ ಅಂದಾಳ. ಅವ ಸಿಟ್ಟಾಗಿ ಹೋಗ್ಯಾನ. ಇನ್ನ ಆ ಊರ ಬಾಗಿಲಾ ಮುಚ್ಚಿತು."

ನಂದಾ ದಾರ ಕಡಿದು ಹೇಳಿದಳು, "ಮತ್ತ ಪರೀಕ್ಷಾ ಬ್ಯಾಡ್ರಿ. ನೀವು ಅವತ್ತ ಹೇಳಿದ್ದು ಸುಳ್ಳ ಅಂತ ಒಂದ ಕಾಗದದ ಮ್ಯಾಲ ಬರದು ಸಹಿ ಮಾಡಿ ಪುಣೆಕ್ಕ ಹಾಕ್ರಿ. ಅಷ್ಟ ಸಾಕು."

"ನನ್ನ ನೌಕರಿ ಹೋಗತದ, ನಂದಾ."

"ನಂದೂ ಹೋಗೇತಲ್ರಿ."

ಕಾಲ ಬಳಿ ಒಂದು ಕಟ್ಟು ಬಿಚ್ಚಿಕೊಂಡು ಬೀಡಿಗಳು ಉರುಳಿದ್ದವು. ಎತ್ತಿಕೊಡೋಣ ಎಂದು ಬಗ್ಗಿ ಕೈ ಚಾಚಿದೆ.

"ಮುಟ್ಟಬ್ಯಾಡ್ರಿ," ಅಂದಳು ನಂದಾ. "ಕೈ ತೋರಸ್ರಿ ಮೊದಲ."

ತೋರಿಸಿದೆ. ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದೆ. ಎಡ ಅಂಗೈಯಲ್ಲಿ ಹಳದಿ ಕಲೆ, ಗೆರೆಗಳ ಸಂದಿಯಲ್ಲಿ ಬಿಳಿ ಸುಣ್ಣ. ಹೆಬ್ಬೆರಳ ಉಗುರಿನಲ್ಲೂ ಸುಣ್ಣ. ಗುರುಬಾಯಿ ಬಗ್ಗಿ ನೋಡಿದಳು. ನಂದಾ ಒಂದು ಸಲ ನೋಡಿ ಮತ್ತೆ ಎಲೆ ಸುತ್ತತೊಡಗಿದಳು. ನನ್ನ ಕೈ ಹಾಗೇ ಚಾಚಿಕೊಂಡಿತ್ತು. ನಾಲ್ಕು ತಿಂಗಳು ಬಾಗಿಲಲ್ಲಿ ಅವಳಿಗೆ ಹೇಗಾಗಿರಬೇಕು ಎಂದು ನನಗೆ ಆಗ ಗೊತ್ತಾಯಿತು.

"ಇಲ್ಲಿ ತೋರಿಸಿದರ ಏನ ಬಂತ್ರಿ ಸರ್?" ಅಂದಳು. "ಅಲ್ಲಿ ತೋರಸಬೇಕಿತ್ತು."

ಮರುವಾರ ನಾನು ಅಕ್ಕಲಕೋಟದ ಬಸ್ಸು ಹತ್ತಿದೆ. ಹೊಸ ಶಾಖೆ, ಎಂಟು ಹೊಸ ಯಂತ್ರ. ಜೇಬಿನಲ್ಲಿ ಡಬ್ಬಿ ಇರಲಿಲ್ಲ, ತಂಬಾಕು ಬಿಟ್ಟಿದ್ದೆ. ಪುಣೆಗೆ ಕಾಗದ ಮಾತ್ರ ಬರೆದಿರಲಿಲ್ಲ. ಬಾಗಿಲಲ್ಲಿ ಶಾಂತಲಿಂಗಪ್ಪ ಬೋರ್ಡು ಹಾಕಿಸಿದ್ದರು: ಕೈ ಸ್ವಚ್ಛ ಇದ್ದವರಿಗೆ ಮಾತ್ರ ಪ್ರವೇಶ. ಅದನ್ನು ಓದಿದೆ. ಒಳಗೆ ಹೋದೆ.